ಮಧ್ಯಾಹ್ನದ ಒಂದು ತುಂಡು

ಏಪ್ರಿಲ್ 4

ಐಸ್‌ಕ್ರೀಮ್ ಸ್ಯಾಂಡ್‌ವಿಚ್‌ನ ಕೋಕೋ ಬಿಸ್ಕೆಟ್ ಮತ್ತೆ ಗಟ್ಟಿಯಾಯಿತು. ಓವನ್‌ನಲ್ಲಿರುವಾಗ ಮೆತ್ತಗೆ ಕಾಣುತ್ತದೆ, ಇನ್ನೂ ಬೆಂದಿಲ್ಲ ಅನ್ನಿಸುತ್ತದೆ, ಒಂದು ಚೂರು ಇರಲಿ ಅಂತ ಬಿಡುತ್ತೇನೆ — ಆರಿದ ಮೇಲೆ ನೋಡಿದರೆ ಹಂಚಿನ ಚೂರು. ಕಚ್ಚಿದ ಕೂಡಲೇ ಐಸ್‌ಕ್ರೀಮ್ ಎರಡೂ ಪಕ್ಕದಿಂದ ಜಾರಿ ಅಂಗಿಯ ಮೇಲೆ. ಗುಬ್ಬಿಗೆ ಒಂದು ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, "ಅಮ್ಮ, ಇದರ ಮೇಲೆ ಬಳಪದಲ್ಲಿ ಬರೀಬಹುದು" ಅಂದಳು. ಏಳು ವರ್ಷಕ್ಕೆ ಇಷ್ಟು ನಾಲಿಗೆ.

ಎರಡನೇ ಸಲ ಹದ ಸಿಕ್ಕಿತು. ಬಿಸ್ಕೆಟ್ ಹಾಳೆ ಬಿಸಿಯಿರುವಾಗಲೇ ಫೋರ್ಕಿನಿಂದ ಚುಚ್ಚಿ, ಆರಲು ಬಿಟ್ಟು, ನಡುವೆ ಕ್ರೀಮ್ ಹರಡಿ ಫ್ರೀಜರಿಗೆ. ಕತ್ತರಿಸುವಾಗ ಚಾಕುವನ್ನು ಬಿಸಿನೀರಿಗೆ ಅದ್ದಿ ಒರೆಸಿ, ಅದ್ದಿ ಒರೆಸಿ. ಅತ್ತೆ ಎದುರು ಕೂತು ಬಟರ್ ಪೇಪರಿನಲ್ಲಿ ಸುತ್ತಿಕೊಟ್ಟರು. ನಾನು ಸುತ್ತಿದರೆ ಪೊಟ್ಟಣ, ಅವರು ಸುತ್ತಿದರೆ ಉಡುಗೊರೆ. ಮೂಲೆ ಅಂಗಡಿಯವನು ಈಗ ಮಾರಲು ದಿನಾ ಒಂದು ಡಬ್ಬಿ ಇಟ್ಟುಕೊಳ್ಳುತ್ತಿದ್ದಾನೆ. ಬಿಸಿಲು ಹೀಗೇ ಇದ್ದರೆ ಎರಡು ಬೇಕು ಅಂದ.

ಮುಂದಿನ ಕೋಣೆಯಿಂದ ಟಣ್ ಟಣ್ ಟಣ್. ಮಾವ. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು, ಮಾತು — ಮೂರೂ ಹೋದ ಮೇಲೆ ಎಡಗೈಯಲ್ಲಿ ಸ್ಪೂನ್ ಹಿಡಿದು ಮಂಚದ ಸರಳಿಗೆ ಬಡಿಯುವುದೇ ಅವರ ಕರೆ. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಆಗ ಮನೆಯಲ್ಲೂ ಸೀಟಿ ಊದುತ್ತಿದ್ದರಂತೆ. ಊಟಕ್ಕೊಂದು ತರಹ, ನೀರಿಗೊಂದು ತರಹ. ಸೀಟಿಗಿಂತ ಸ್ಪೂನೇ ವಾಸಿ ಅಂತ ಮಗನಾದ ಇವರೇ ತಮಾಷೆ ಮಾಡುತ್ತಾರೆ.

ಅತ್ತೆ ಕೈ ಒರೆಸಿಕೊಂಡು ಎದ್ದು ಹೋದರು. ಒಂದು ಕರೆಗೂ ತಡ ಮಾಡಿದವರಲ್ಲ.

ಏಪ್ರಿಲ್ 9

ಫ್ರೀಜರಿನಲ್ಲಿ ಕಡಿಮೆ. ಮೊನ್ನೆಯೂ ಹೀಗೇ ಅನ್ನಿಸಿತ್ತು, ನನ್ನದೇ ಮರೆವು ಅಂದುಕೊಂಡೆ. ಇವತ್ತು ಖಾತ್ರಿ. ಕೆಳಗಿನ ಸಾಲು ಪೂರ್ತಿ ಜೋಡಿಸಿ ಮಲಗಿದ್ದೆ, ಈಗ ನಡುವೆ ಖಾಲಿ.

ಗುಬ್ಬಿಯ ಕಿವಿ ಹಿಂಡಿದೆ. ನಾನಲ್ಲ ನಾನಲ್ಲ ಅಂತ ಒಂದೇ ಸಮ. ಸುಳ್ಳೂ ಹೇಳುತ್ತೀಯಾ ಅಂತ ಇನ್ನೂ ಸಿಟ್ಟು ಬಂತು. ನಾಲಿಗೆ ಚಾಚಿ ತೋರಿಸಿದಳು, ಕೆಂಪಗಿತ್ತು, ಕೋಕೋ ಗುರುತೇ ಇಲ್ಲ. ಅಷ್ಟು ಹೊತ್ತಿಗೆ ಏಟು ಬಿದ್ದಾಗಿತ್ತು.

ಅತ್ತೆ ನಲ್ಲಿಯ ಹತ್ತಿರ ಪಾತ್ರೆ ಬೆಳಗುತ್ತಿದ್ದರು. ಎಲ್ಲ ಕೇಳಿಸಿರಬೇಕು. ಆಮೇಲೆ ಗುಬ್ಬಿಯನ್ನು ಮೊಣಕಾಲ ನಡುವೆ ಕೂರಿಸಿಕೊಂಡು ತುಂಬ ಹೊತ್ತು ತಲೆ ಬಾಚಿದರು.

ಏಪ್ರಿಲ್ 12

ವಾರಕ್ಕೊಮ್ಮೆ ಬರುವ ಕ್ಲಿನಿಕ್ಕಿನ ನರ್ಸ್ ಬಂದಿದ್ದಳು. ಮಾವನ ಶುಗರ್ ಏರಿದೆ, ಹೋದ ವಾರಕ್ಕಿಂತಲೂ. ಬಲಗಾಲ ಹೆಬ್ಬೆರಳಿನ ಗಾಯ ಒಣಗುತ್ತಿಲ್ಲ. ಮಂಚದ ಸರಳಿಗೆ ಉಜ್ಜಿ ಆದ ಪುಟ್ಟ ಗಾಯ, ಈಗ ಅಂಚು ಬೂದು ಬಣ್ಣಕ್ಕೆ ತಿರುಗಿದೆ. ಪಟ್ಟಿ ಬಿಚ್ಚಿದಾಗ ಬಂದ ವಾಸನೆಗೆ ನಾನು ಕಿಟಕಿ ಕಡೆ ತಿರುಗಿದೆ. ಅತ್ತೆ ತಿರುಗಲಿಲ್ಲ. ಬಗ್ಗಿ ನೋಡಿದರು.

ಏನು ಕೊಡುತ್ತಿದ್ದೀರಿ ಅಂತ ನರ್ಸ್ ಕೇಳಿದಳು. ಅತ್ತೆ ನಿಧಾನವಾಗಿ ಎಲ್ಲ ಹೇಳಿದರು — ಬೇಯಿಸಿದ ತರಕಾರಿ, ತೆಳು ಗಂಜಿ, ಸಕ್ಕರೆ ಹಾಕದ ಹಾಲು, ಹಣ್ಣು ಕೂಡ ಇಲ್ಲ. ಪಾಠ ಒಪ್ಪಿಸಿದ ಹಾಗೆ. ನರ್ಸ್ ತಲೆ ತೂಗಿದಳು. ಎಲ್ಲರ ಮನೆಯಲ್ಲೂ ನಿಮ್ಮಂಥವರಿದ್ದರೆ ನಮಗೆ ಕೆಲಸವೇ ಇರಲ್ಲ ಅಂದಳು. ಡಾಕ್ಟರನ್ನು ಫೋನಿನಲ್ಲಿ ಕೇಳಿ ಮಾತ್ರೆ ಬದಲಾಯಿಸಿ ಹೋದಳು.

ಮಾವ ಮಂಚದಿಂದ ಅತ್ತೆಯನ್ನೇ ನೋಡುತ್ತಿದ್ದರು. ಹಸಿದ ಮಗು ನೋಡುವ ಹಾಗೆ.

ಏಪ್ರಿಲ್ 13

ಗುಬ್ಬಿ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಕೇಳಿದ್ದಕ್ಕೆಲ್ಲ ಕತ್ತು ಆಡಿಸುತ್ತಾಳೆ, ಅಷ್ಟೇ. ತಾತನ ಹಾಗೆ ಒಂದು ಸ್ಪೂನ್ ಕೊಡಲಾ ಅಂದೆ. ನಕ್ಕುಬಿಟ್ಟಳು. ಬದುಕಿದೆ.

ಏಪ್ರಿಲ್ 20, ಮಧ್ಯಾಹ್ನ

ಬರೆಯಬೇಕೋ ಬೇಡವೋ.

ದಿನಾ ಊಟವಾದ ಮೇಲೆ ಡಬ್ಬಿ ಹೊತ್ತು ಹೊರಡುತ್ತೇನೆ. ಮೂಲೆ ಅಂಗಡಿ, ಆಮೇಲೆ ಟ್ಯೂಷನ್ ಮನೆ, ಆಮೇಲೆ ಆಫೀಸ್ ಕಟ್ಟಡದ ಕೆಳಗಿನ ಕ್ಯಾಂಟೀನು. ಇವತ್ತು ಟ್ಯೂಷನ್ ಮನೆಗೆ ಬೀಗ, ಕ್ಯಾಂಟೀನಿನವನು ನಾಳೆ ಬಾ ಅಂದ. ಬೇಗ ವಾಪಸ್ ಬಂದೆ. ಹಿತ್ತಲ ಬಾಗಿಲಿನಿಂದ ಒಳಗೆ ಕಾಲಿಟ್ಟೆ. ಮನೆ ಮೌನ. ಇಡೀ ದಿನ ಟಣ್ ಟಣ್ ಅನ್ನುವ ಮನೆ.

ಮುಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಸ್ಟೂಲಿನ ಮೇಲೆ ಕೂತಿದ್ದರು. ಮಡಿಲಲ್ಲಿ ಬಟ್ಟಲು, ಬಟ್ಟಲಲ್ಲಿ ನಾನು ಬೆಳಿಗ್ಗೆ ಕತ್ತರಿಸಿದ್ದು. ಬಿಸ್ಕೆಟ್ಟನ್ನು ಕರಗಿದ ಐಸ್‌ಕ್ರೀಮಿನಲ್ಲಿ ನೆನೆಸಿ, ಪುಟ್ಟ ಪುಟ್ಟ ತುತ್ತು. ಮಾವ ಬಾಯಿ ತೆರೆದು ಕಾಯುತ್ತಿದ್ದರು. ಗಲ್ಲದ ಮೇಲೆ ಇಳಿದದ್ದನ್ನು ಅತ್ತೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಇನ್ನೊಂದು ತುತ್ತು. ಆತುರವಿಲ್ಲ. ಮುಖದಲ್ಲಿ ಎಂಥ ನೆಮ್ಮದಿ. ನಾನು ಅತ್ತೆಯನ್ನು ಹಾಗೆ ನೋಡಿಯೇ ಇರಲಿಲ್ಲ.

ತುದಿಗಾಲಲ್ಲಿ ಹಿಂದಕ್ಕೆ ಬಂದೆ. ಗೇಟಿನ ಹೊರಗೆ ನಿಂತೆ. ಆಮೇಲೆ ಚಪ್ಪಲಿ ಸದ್ದು ಮಾಡಿಕೊಂಡು, ಕೆಮ್ಮಿಕೊಂಡು ಒಳಗೆ ಬಂದೆ. ನನ್ನ ಮನೆಗೆ ನಾನೇ ಕೆಮ್ಮಿಕೊಂಡು.

ಏಪ್ರಿಲ್ 21

ಆಸೆ ತಡೆಯಲಾರದೆ ಕೊಟ್ಟಿರಬೇಕು. ಬಾಯಿಲ್ಲದ ಮನುಷ್ಯ, ಸಿಹಿ ಅಂದರೆ ಪ್ರಾಣ. ಗಂಡ ಹಂಬಲಿಸುವಾಗ ಯಾವ ಹೆಂಡತಿ ಕಲ್ಲಾಗಿರುತ್ತಾಳೆ... ರಾತ್ರಿಯೆಲ್ಲ ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬೆಳಿಗ್ಗೆ ಪಕ್ಕದ ಮನೆಯಾಕೆ ನಗುತ್ತಾ ಕೇಳಿದಳು — ನಿಮ್ಮ ಬಟರ್ ಪೇಪರೆಲ್ಲ ನಮ್ಮ ಕಸದ ಬುಟ್ಟಿಯಲ್ಲಿ ಯಾಕಿರುತ್ತೆ, ನಮಗೆ ತಿನ್ನೋಕೆ ಕೊಡದೆ ಬರೀ ಕಾಗದ ಕೊಡ್ತೀರಾ? ನಾನೂ ನಕ್ಕೆ. ಒಳಗೆ ಬಂದ ಮೇಲೆ ಹೊಳೆಯಿತು. ಅಕ್ಕರೆಯಿಂದ ಕೊಡುವವರು ಕಾಗದವನ್ನು ಪಕ್ಕದ ಮನೆಯ ಬುಟ್ಟಿಗೆ ಹಾಕುವುದಿಲ್ಲ.

ಇವರು ಪ್ರೆಸ್ಸಿನಿಂದ ಬಂದು ಕೈಯ ಇಂಕ್ ತಿಕ್ಕಿ ತೊಳೆಯುವಾಗ ಮೆಲ್ಲಗೆ ಮಾತು ತೆಗೆದೆ. ಮಾವನಿಗೆ ಯಾರಾದರೂ ಸಿಹಿ ಕೊಡುತ್ತಿರಬಹುದಾ, ಶುಗರ್ ಇಳಿಯುತ್ತಲೇ ಇಲ್ಲ ಅಂತ. ಇವರು ನನ್ನ ಮುಖ ನೋಡಿದರು. "ಅಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತಿದಾಳೆ. ಇನ್ನು ಯಾರು ಕೊಡ್ತಾರೆ, ನೀನಾ?" ತಮಾಷೆಗೇ ಅಂದದ್ದು. ಆದರೂ.

ಏಪ್ರಿಲ್ 26

ಒಂದು ಉಪಾಯ ಮಾಡಿದೆ. ಸಕ್ಕರೆ ಹಾಕದೆ ಒಂದಷ್ಟು ಮಾಡಿ, ಹಾಗೇ ಸುತ್ತಿ, ಮೇಲಿನ ಸಾಲಿನಲ್ಲಿಟ್ಟೆ. ಅತ್ತೆ ಕೈಗೆ ಮೊದಲು ಸಿಗುವ ಜಾಗ. ನೋಡಿದರೆ ವ್ಯತ್ಯಾಸ ಗೊತ್ತಾಗದು.

ಮಧ್ಯಾಹ್ನ ವಾಪಸ್ ಬಂದಾಗ ಅದರಲ್ಲೊಂದು ತುಂಡು ಅಡುಗೆಮನೆ ಕಟ್ಟೆಯ ಮೇಲೆ ತಟ್ಟೆಯಲ್ಲಿತ್ತು. ಒಂದು ಮೂಲೆ ಮಾತ್ರ ಮುರಿದಿತ್ತು. ಕರಗಿ ನೀರಾಗಿತ್ತು. ಮುಚ್ಚಿಡುವ ಪ್ರಯತ್ನವೂ ಇಲ್ಲ. ಅತ್ತೆ ಪಕ್ಕದಲ್ಲೇ ಕೂತು ನಾಳೆಯ ಕಾಗದ ಕತ್ತರಿಸುತ್ತಿದ್ದರು.

ತಟ್ಟೆ ಎತ್ತಿ ತೊಳೆದಿಟ್ಟೆ. ಈಗ ನನಗೆ ಗೊತ್ತು ಅಂತ ಅವರಿಗೆ ಗೊತ್ತು.

ಏಪ್ರಿಲ್ 27

ಇವತ್ತು ಮಾತಾಯಿತು. ಅತ್ತೆ ಕಾಗದ ಕತ್ತರಿಸುತ್ತಿದ್ದರು, ನಾನು ಕ್ರೀಮ್ ಹರಡುತ್ತಿದ್ದೆ. ಒಂದು ಕಡೆ ದಪ್ಪ ಒಂದು ಕಡೆ ತೆಳು. ತಲೆ ಎತ್ತದೆ ಕೇಳಿಬಿಟ್ಟೆ — ಅತ್ತೆ, ಯಾಕೆ ಕೊಡ್ತೀರಾ, ಅದರಿಂದ ಏನಾಗುತ್ತೆ ಅಂತ ಗೊತ್ತಿಲ್ವಾ?

"ಕೇಳ್ತಾರೆ, ಕೊಡ್ತೀನಿ. ಮದುವೆಯಾದಾಗಿನಿಂದ ಅದೇ ಮಾಡ್ಕೊಂಡು ಬಂದಿದೀನಲ್ಲಮ್ಮ" ಅಂದರು.

ಆಮೇಲೆ ನಾನು ಕೇಳದಿದ್ದನ್ನು ಹೇಳಿದರು. ಇವರಿಗೆ ತಂಗಿ ಒಬ್ಬಳು ಇದ್ದಳು ಅಂತ ಗೊತ್ತಿತ್ತು. ಮದುವೆಯಾಗಿ ದೂರ ಹೋದಳು, ಸಂಪರ್ಕವಿಲ್ಲ ಅಂತ ಮಾತ್ರ ಈ ಮನೆಯಲ್ಲಿ ಹೇಳುವುದು. ಫೋಟೋ ಕೂಡ ಇಲ್ಲ. ಹಾಗಲ್ಲವಂತೆ. ಗಂಡನ ಮನೆಯಲ್ಲಿ ಹೊಡೆತ ತಾಳಲಾರದೆ ಒಂದು ಸಂಜೆ ಉಟ್ಟ ಬಟ್ಟೆಯಲ್ಲಿ ಓಡಿ ಬಂದಳಂತೆ. ಇವರು ಆಗ ಪ್ರೆಸ್ಸಿನ ಕೆಲಸ ಕಲಿಯಲು ಬೇರೆ ಊರಲ್ಲಿದ್ದರು. ಕಿಟಕಿಯಿಂದ ಮಗಳನ್ನು ನೋಡಿದ ಮಾವ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಕೀಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುರ್ಚಿಯಲ್ಲಿ ಕೂತರಂತೆ. ಕೊಟ್ಟ ಹೆಣ್ಣು ಹೊರಗೆ. ಅಷ್ಟೇ ಮಾತು. ಅತ್ತೆ ಕಾಲು ಹಿಡಿದರೆ ಸೀಟಿ ಊದಿ ಅಡುಗೆಮನೆ ಕಡೆ ಬೆರಳು ತೋರಿಸಿದರಂತೆ.

"ತಟ್ಟಿದಳು. ತುಂಬಾ ಹೊತ್ತು ತಟ್ಟಿದಳು. ಅಮ್ಮ ಅಂತ ಒಂದು ಸಲಾನೂ ಕರೀಲಿಲ್ಲ, ಬರೀ ತಟ್ಟಿದಳು. ಆಮೇಲೆ ನಿಂತೋಯ್ತು."

ಎಲ್ಲಿ ಹೋದಳೋ. ಗಂಡನ ಮನೆಗೂ ವಾಪಸ್ ಹೋಗಲಿಲ್ಲ. ಯಾರೂ ಹುಡುಕಲಿಲ್ಲ. ಹುಡುಕಲು ಮಾವ ಬಿಡಲಿಲ್ಲ. ಮಗನಿಗೆ ಬೇರೆ ಕಥೆ ಹೇಳಿದರು.

ಹೇಳುವಾಗ ಅತ್ತೆಯ ಕಣ್ಣಲ್ಲಿ ಒಂದು ಹನಿ ಇಲ್ಲ. ಕತ್ತರಿ ನಿಲ್ಲಲಿಲ್ಲ. ಕಾಗದದ ಅಂಚುಗಳು ಗೆರೆ ಹೊಡೆದ ಹಾಗೆ.

ಏಪ್ರಿಲ್ 28

ಇವರಿಗೆ ಹೇಳಬೇಕು. ಏನಂತ ಹೇಳಲಿ. ನಿಮ್ಮ ಅಪ್ಪ ನಿಮ್ಮ ತಂಗಿಯನ್ನು... ನಿಮ್ಮ ಅಮ್ಮ ನಿಮ್ಮ ಅಪ್ಪನನ್ನು...

ಬಾಯಿ ತೆರೆದೆ. ಗ್ಯಾಸ್ ಮುಗಿಯುತ್ತಾ ಬಂದಿದೆ ಅಂದೆ.

ಮೇ 3

ಫ್ರೀಜರಿಗೆ ಬೀಗ ಹಾಕಿಸಿದೆ. ರಿಪೇರಿಯವನು ಎರಡು ಕೊಂಡಿ ಕೂರಿಸಿ ಕೊಟ್ಟ. ಮನೆ ಫ್ರೀಜರಿಗೆ ಬೀಗ ಹಾಕಿಸಿಕೊಳ್ಳುವ ಮೊದಲನೆಯ ಗಿರಾಕಿ ನೀವೇ ಅಂದ. ಮಗಳ ಕಾಟ ಅಂತ ಸುಳ್ಳು ಹೇಳಿದೆ. ಗುಬ್ಬಿ ಪಾಪ, ಇನ್ನೊಮ್ಮೆ ಕಳ್ಳಿ.

ಇವರಿಗೆ ಸರಿ ಬರಲಿಲ್ಲ. ಮನೆಯೋ ಗೋಡೌನೋ ಅಂದರು. ಅತ್ತೆ ಬೀಗವನ್ನು ಒಮ್ಮೆ ನೋಡಿದರು. ಒದ್ದೆ ಬಟ್ಟೆ ತಂದು ಅದರ ಮೇಲಿನ ಎಣ್ಣೆ ಗುರುತು ಒರೆಸಿದರು.

ಮೇ 6

ಮೂರು ಮಧ್ಯಾಹ್ನ ಸತತವಾಗಿ ಸ್ಪೂನ್. ನಿಲ್ಲುವುದೇ ಇಲ್ಲ. ನಾನು ಹೋದರೆ ಎಡಗೈ ಬೀಸುತ್ತಾರೆ, ನೀನಲ್ಲ ಅಂತ. ನೀರು ಕೊಟ್ಟರೆ ಉಗುಳುತ್ತಾರೆ. ಕಣ್ಣಲ್ಲಿ ಅದೆಂಥ ದ್ವೇಷ, ನಾನು ಕಸಿದುಕೊಂಡೆ ಅಂತ ಗೊತ್ತಿರುವ ಹಾಗೆ. ಅತ್ತೆ ಸ್ಟೂಲಿನ ಮೇಲೆ ಕೂತು ಖಾಲಿ ಕೈ ತೋರಿಸುತ್ತಾರೆ. ಏನು ಮಾಡಲಿ, ಸೊಸೆ ಬೀಗ ಹಾಕಿದ್ದಾಳೆ ಅನ್ನುವ ಹಾಗೆ.

ಮೇ 11

ನಾಲ್ಕು ದಿನದಿಂದ ಮಧ್ಯಾಹ್ನ ಮನೆ ತಣ್ಣಗಿದೆ. ಮರೆತರು ಅಂತ ಖುಷಿಪಟ್ಟಿದ್ದೆ.

ಇವತ್ತು ಮೂಲೆ ಅಂಗಡಿಯವನು ಹೇಳಿದ — "ಏನಕ್ಕ, ನಿಮ್ಮನೆ ಮಾಲು ನಿಮ್ಮತ್ತೇನೇ ಬಂದು ಕೊಂಡ್ಕೋತಾರಲ್ಲ. ಮೊಮ್ಮಗಳಿಗಂತೆ. ನೀವು ಮಗೂಗೆ ಒಂದೂ ಕೊಡಲ್ವಾ?"

ಡಬ್ಬಿ ಅಲ್ಲೇ ಇಟ್ಟು ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ನನ್ನ ಕೈಯಲ್ಲಿ ಬೆಂದು, ನನ್ನ ಕಾಲಲ್ಲಿ ಅಂಗಡಿಗೆ ಹೋಗಿ, ಮತ್ತೆ ನನ್ನ ಮನೆಗೇ ಬರುತ್ತಿದೆ.

ಮಾಡುವುದನ್ನೇ ನಿಲ್ಲಿಸುತ್ತೇನೆ.

ಮೇ 12

ನಿಲ್ಲಿಸಲಿಲ್ಲ. ಕ್ಯಾಂಟೀನಿನವನಿಗೆ ಮಾತು ಕೊಟ್ಟಿದ್ದೆ. ನಾನು ನಿಲ್ಲಿಸಿದರೆ ಅವರು ಬೇರೆ ಏನಾದರೂ ತಂದುಕೊಡುತ್ತಾರೆ, ಅಂಗಡಿ ತುಂಬ ಸಿಹಿ ಇದೆ. ಹೀಗಂತ ಹೇಳಿಕೊಂಡು ಬೆಣ್ಣೆ ಕರಗಿಸಲು ಇಟ್ಟೆ.

ಮೇ 19

ಆಸ್ಪತ್ರೆ. ಪಾದ ಕಪ್ಪಗಾಗಿ ಜ್ವರ ಏರಿತ್ತು. ನರ್ಸ್ ಪಟ್ಟಿ ಬಿಚ್ಚಿದವಳೇ ಆಂಬುಲೆನ್ಸ್ ಕರೆದಳು. ಇವರು ಪ್ರೆಸ್ಸಿನ ಅಂಗಿಯಲ್ಲೇ ಓಡಿ ಬಂದರು. ಬೆಳಿಗ್ಗೆ ಆಪರೇಷನ್. ಬಲಗಾಲು ಕಣಕಾಲಿನ ಮೇಲಿನವರೆಗೆ ತೆಗೆಯುತ್ತಾರಂತೆ.

ಕಾರಿಡಾರಿನ ಬೆಂಚಿನಲ್ಲಿ ಅತ್ತೆ ಪಕ್ಕ ಕೂತಿದ್ದೆ. ವಾರ್ಡಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿದರು. ಇಂಥ ಹೆಂಡತಿ ಸಿಕ್ಕಿದ್ದು ಅವರ ಪುಣ್ಯ ಅಂದರು. ಅತ್ತೆ ಸೆರಗಿನ ತುದಿ ಬಾಯಿಗೆ ಇಟ್ಟುಕೊಂಡು ನೆಲ ನೋಡುತ್ತಿದ್ದರು.

ಮೇ 24

ಡಾಕ್ಟರು ಇವರನ್ನು ಒಳಗೆ ಕರೆದು ಹೇಳಿದರಂತೆ. ಇಲ್ಲಿ ನಮ್ಮ ಊಟದಲ್ಲಿ ಶುಗರ್ ಚೆನ್ನಾಗಿ ಇಳಿದಿದೆ. ಮನೆಯಲ್ಲೇ ಯಾರೋ ಸಿಹಿ ಕೊಡುತ್ತಿದ್ದಾರೆ. ಇನ್ನೊಮ್ಮೆ ಹಾಗೆ ಏರಿದರೆ ನಮ್ಮ ಕೈಯಲ್ಲೂ ಇಲ್ಲ.

ಸಂಜೆ ಇವರು ಮನೆಗೆ ಬಂದವರೇ ಬೂಟೂ ಬಿಚ್ಚದೆ ಅಡುಗೆಮನೆಗೆ ಬಂದರು. ಮುಖ ಗಂಟು. ಅತ್ತೆ ಗುಬ್ಬಿಗೆ ಜಡೆ ಹಾಕುತ್ತಿದ್ದರು. ಮೊದಲು ಅತ್ತೆಯನ್ನು ಕೇಳಿದರು, ಅಮ್ಮ ನೀನೇನಾದರೂ ಅಂತ. ಅತ್ತೆ ಇಲ್ಲಪ್ಪ ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಜ ಹೇಳು. ಅಮ್ಮ ಏನಾದ್ರೂ ಕೊಡೋದು ನೀನು ನೋಡಿದ್ಯಾ?"

ಅತ್ತೆ ನನ್ನನ್ನು ನೋಡಲಿಲ್ಲ. ಜಡೆಯ ಮೂರು ಎಳೆ ಒಂದರ ಮೇಲೊಂದು ಬೀಳುತ್ತಿತ್ತು. ನನಗೆ ಆ ಬಾಗಿಲು ನೆನಪಾಯಿತು, ತಟ್ಟಿ ತಟ್ಟಿ ನಿಂತುಹೋದದ್ದು. ಒಂದು ಮಾತು ಹೇಳಿದರೆ ಈ ಮನೆ ರಾತ್ರಿಯೊಳಗೆ ನೆಲಸಮ.

"ನಾನು ನೋಡಿಲ್ಲ" ಅಂದೆ.

ಮಾತು ಸಲೀಸಾಗಿ ಬಂತು.

ಜೂನ್ 2

ಮಾವ ಮನೆಗೆ ಬಂದರು. ಇನ್ನೂ ಸಣ್ಣಗಾಗಿದ್ದಾರೆ. ಹೊದಿಕೆಯ ಕೆಳಗೆ ಬಲಗಡೆ ಬಟ್ಟೆ ಥಟ್ಟನೆ ಕೆಳಗಿಳಿಯುತ್ತದೆ. ನೋಡದ ಹಾಗೆ ಓಡಾಡುತ್ತೇವೆ.

ಅತ್ತೆ ಡಾಕ್ಟರು ಹೇಳಿದ ಹಾಗೇ ಎಲ್ಲ. ಬೇಯಿಸಿದ್ದು, ಅಳೆದದ್ದು. ಸಿಹಿಯ ಸುಳಿವಿಲ್ಲ. ಭಯ ಬಿದ್ದಿರಬೇಕು. ನನಗೂ ಸ್ವಲ್ಪ ಉಸಿರು ಬಂದಂತಾಗಿದೆ. ಬೀಗ ತೆಗೆದೆ. ಇವರು ಖುಷಿಯಾದರು.

ಜೂನ್ 6

ಬಚ್ಚಲಲ್ಲಿ ಅತ್ತೆ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿದಿದೆ. ಮೊಣಕೈವರೆಗೆ ಪ್ಲಾಸ್ಟರ್. ಎಡಗೈಗೆ ಮೊದಲಿನಿಂದಲೂ ಬಲ ಕಡಿಮೆ.

ಇನ್ನು ಮಾವನಿಗೆ ಉಣಿಸುವುದು, ಒರೆಸುವುದು, ತಿರುಗಿಸಿ ಮಲಗಿಸುವುದು — ಹಗಲೆಲ್ಲ ನನ್ನದು. ಇವರು ರಜೆ ಕೇಳಿದರೆ ಪ್ರೆಸ್ಸಿನಲ್ಲಿ ಕೊಟ್ಟಿಲ್ಲ. ಅಂಗಡಿಗೆ ಡಬ್ಬಿ ಒಯ್ಯಲು ಬಿಡುವಿಲ್ಲ. ಅಂಗಡಿಯವನೇ ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗುತ್ತಾನೆ.

ಮಧ್ಯಾಹ್ನ ಅತ್ತೆ ಕುರ್ಚಿ ಎಳೆದುಕೊಂಡು ಬಾಗಿಲ ಹತ್ತಿರ ಕೂರುತ್ತಾರೆ. ನಾನು ಮಾಡುವುದನ್ನು ನೋಡುತ್ತಾರೆ.

ಜೂನ್ 9

ಟಣ್ ಟಣ್ ಟಣ್. ಬೆಳಿಗ್ಗೆಯಿಂದ. ತರಕಾರಿ ಕೊಟ್ಟರೆ ಬಾಯಿ ಬಿಗಿ. ಗಂಜಿ ಕೊಟ್ಟರೆ ನನ್ನ ಸೀರೆ ಮೇಲೆ.

ಏನು ಬೇಕು ಅಂತಲೇ ತಿಳಿಯುತ್ತಿಲ್ಲ ಅಂದೆ, ನನಗೆ ನಾನೇ. ಅತ್ತೆ ಕುರ್ಚಿಯಿಂದ ಮೆತ್ತಗೆ ಅಂದರು:

"ಏನು ಬೇಕು ಅಂತ ನಿನಗೆ ಗೊತ್ತಲ್ಲಮ್ಮ."

ಸೀರೆ ಒರೆಸಿಕೊಂಡೆ.

ಜೂನ್ 14

ಗುಬ್ಬಿಯ ಹಣೆ.

ಶಾಲೆಯಿಂದ ಬಂದವಳು ತಾತನಿಗೆ ನೀರು ಕೊಡುತ್ತೇನೆ ಅಂತ ತಾನೇ ಹೋದಳು. ನಾನು ಒಲೆ ಮುಂದಿದ್ದೆ. ದಡ್ ಅಂತ ಸದ್ದು, ಆಮೇಲೆ ಕಿರುಚಾಟ. ಸ್ಟೀಲ್ ಲೋಟ ಬೀಸಿ ಎಸೆದಿದ್ದಾರೆ. ಹುಬ್ಬಿನ ಮೇಲೆ ಸೀಳಿ ರಕ್ತ ಕಣ್ಣಿಗೆ ಇಳಿದಿತ್ತು. ಒಂದು ಕ್ಷಣ ಕಣ್ಣೇ ಹೋಯಿತು ಅಂದುಕೊಂಡೆ. ಎತ್ತಿಕೊಂಡು ಕ್ಲಿನಿಕ್ಕಿಗೆ ಓಡಿದೆ. ಹೊಲಿಗೆ ಹಾಕುವಾಗ ಅವಳು ಅಳಲಿಲ್ಲ. "ನಾನು ನೀರು ಚೆಲ್ಲಿದ್ನಾ ಅಮ್ಮ, ಅದಕ್ಕಾ?" ಅಂತ ಕೇಳಿದಳು.

ವಾಪಸ್ ಬಂದಾಗ ಮಾವ ಸ್ಪೂನ್ ಬಡಿಯುತ್ತಿದ್ದರು. ಅದೇ ಲಯ. ಮುಖದಲ್ಲಿ ಏನೂ ಇಲ್ಲ.

ಇವರಿಗೆ ಹೇಳಿದೆ. ಗುಬ್ಬಿಯ ತಲೆ ಸವರಿದರು. ಆಮೇಲೆ, ಕಾಯಿಲೆ ಮನುಷ್ಯ, ಬುದ್ಧಿ ಸ್ಥಿಮಿತದಲ್ಲಿಲ್ಲ, ಹೊಟ್ಟೆಗೆ ಹಾಕಿಕೋ ಅಂದರು. ಎಷ್ಟು ಅಂತ ಹಾಕಿಕೊಳ್ಳಲಿ.

ಜೂನ್ 15, ಮಧ್ಯಾಹ್ನ

ಹೊಲಿಗೆ ನೋವಿಗೆ ಗುಬ್ಬಿ ಬೆಳಿಗ್ಗೆಯಿಂದ ನರಳಿ ಈಗ ತಾನೇ ಕಣ್ಣು ಮುಚ್ಚಿದಳು. ಆ ಕ್ಷಣಕ್ಕೇ ಶುರುವಾಯಿತು ಸ್ಪೂನ್. ಬೆಚ್ಚಿ ಎದ್ದಳು. ಮಲಗಿಸಿದೆ. ಮತ್ತೆ. ಬೆಚ್ಚಿದಳು. ಸ್ಪೂನ್ ಕಿತ್ತುಕೊಂಡೆ. ಉಗುರಿನಿಂದ ಸರಳು ಕೆರೆಯತೊಡಗಿದರು, ಅದು ಇನ್ನೂ ಸಹಿಸಲಾಗದು.

ಫ್ರೀಜರ್ ತೆರೆದೆ. ಒಂದೇ ಒಂದು ತುಂಡು. ಮಗು ಒಂದು ನಿದ್ದೆ ಮಾಡಲಿ, ಅಷ್ಟಕ್ಕೇ.

ಸ್ಟೂಲಿನ ಮೇಲೆ ಕೂತೆ. ಮಾವ ಬಾಯಿ ತೆರೆದರು. ಬಿಸ್ಕೆಟ್ ಬೇಗ ನೆನೆಯಿತು. ಹದ ಸರಿಯಾಗಿ ಬಂದಿತ್ತು ಈ ಸಲ. ಪೂರ್ತಿ ತಿಂದರು. ಕಣ್ಣು ಮುಚ್ಚಿದರು. ಮನೆ ತಣ್ಣಗಾಯಿತು.

ಅತ್ತೆ ಎಡಗೈಯಲ್ಲಿ ಒದ್ದೆ ಬಟ್ಟೆ ಚಾಚಿದರು. ಗಲ್ಲ ಒರೆಸಿದೆ.

ಗುಬ್ಬಿ ಸಂಜೆವರೆಗೆ ಮಲಗಿದಳು.

ಜೂನ್ 16

ಇವತ್ತೂ.

ಜೂನ್ 17

ಇವತ್ತೂ. ಇವರು ಬಂದು, ಅಪ್ಪ ಈಚೆಗೆ ಎಷ್ಟು ಶಾಂತವಾಗಿದ್ದಾರಲ್ಲ, ನಿನ್ನ ಕೈಗುಣ ಅಂದರು. ತಟ್ಟೆಯ ಕಡೆ ನೋಡುತ್ತಾ ಊಟ ಮಾಡಿದೆ.

ನರ್ಸ್ ಈ ವಾರ ಬರುವುದಿಲ್ಲವಂತೆ. ಅತ್ತೆಗೆ ಫೋನ್ ಮಾಡಿ ಹೇಳಿದಳಂತೆ, ಮಗಳ ಹೆರಿಗೆ ಅಂತ.

ಜೂನ್ 22

ನೀರು, ನೀರು. ಎಷ್ಟು ಕೊಟ್ಟರೂ ಸಾಲದು. ಎರಡು ದಿನದಿಂದ ಹೀಗೆ. ಹಾಸಿಗೆ ಬದಲಾಯಿಸಿ ಬದಲಾಯಿಸಿ ಸೊಂಟ ಬಿದ್ದುಹೋಯಿತು. ಸೆಕೆ ಅಂದುಕೊಂಡೆ. ಇಲ್ಲ, ಅಂದುಕೊಳ್ಳಲಿಲ್ಲ. ಅಂದುಕೊಳ್ಳಲು ಪ್ರಯತ್ನಪಟ್ಟೆ.

ನಾಳೆಯಿಂದ ಕೊಡುವುದಿಲ್ಲ. ಇವರಿಗೂ ಎಲ್ಲ ಹೇಳಿಬಿಡುತ್ತೇನೆ, ಬಂದದ್ದು ಬರಲಿ.

ಕ್ಲಿನಿಕ್ಕಿಗೆ ಫೋನ್ ಮಾಡೋಣವಾ ಅಂತ ಅತ್ತೆಯನ್ನು ಕೇಳಿದೆ. ಅವನು ಬರಲಿ, ಕೇಳಿ ಮಾಡೋಣ ಅಂದರು. ಇವರು ಬರುವಷ್ಟರಲ್ಲಿ ಮಾವ ಮಲಗಿದ್ದರು. ಎಬ್ಬಿಸುವುದು ಬೇಡ ಅಂದರು ಅತ್ತೆ. ನಾನು ದೀಪ ಆರಿಸಿದೆ.

ಜೂನ್ 23, ಬೆಳಿಗ್ಗೆ

ಸ್ಪೂನ್ ಸದ್ದಿಲ್ಲ. ಕರೆದರೆ ಕಣ್ಣು ಅರ್ಧ ತೆರೆದು ಮುಚ್ಚುತ್ತಾರೆ. ಉಸಿರು ಜೋರು, ಬಾಯಿ ಒಣಗಿದೆ. ಇವರು ಬೇಗನೆ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಫೋನ್ ಮಾಡಿದೆ, ಮೆಷಿನ್ ಸದ್ದಿನಲ್ಲಿ ಕೇಳಿಸಲಿಲ್ಲವೇನೋ, ಎತ್ತಲಿಲ್ಲ. ಕ್ಲಿನಿಕ್ಕಿಗೂ ಮಾಡಿದೆ, ಡಾಕ್ಟರು ಇನ್ನೂ ಬಂದಿಲ್ಲವಂತೆ, ಬಂದ ಕೂಡಲೇ ಕಳಿಸುತ್ತಾರಂತೆ. ಆಂಬುಲೆನ್ಸ್ ಕರೀತೀನಿ ಅಂದರೆ ಅತ್ತೆ ಫೋನಿನ ಮೇಲೆ ಎಡಗೈ ಇಟ್ಟರು. ಡಾಕ್ಟರು ಬರ್ತಿದಾರಲ್ಲ, ಯಾಕೆ ಗಾಬರಿ ಅಂದರು. ಕೈ ಹಗುರವಾಗಿಯೇ ಇತ್ತು. ನಾನು ಯಾಕೆ ಸರಿಸಲಿಲ್ಲ.

ಸಂಜೆ

ಮಾವ ಹೋದರು.

ಡಾಕ್ಟರು ಬಂದಾಗಲೇ ತಡವಾಗಿತ್ತು. ಬೆರಳು ಚುಚ್ಚಿ ಮೆಷಿನ್ ನೋಡಿದರು, ಇನ್ನೊಮ್ಮೆ ನೋಡಿದರು. ಅಂಕಿಯೇ ಬರುತ್ತಿಲ್ಲ, ಅಷ್ಟು ಏರಿದೆ ಅಂದರು. ಆಂಬುಲೆನ್ಸ್ ಗೇಟಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇವರು ಓಡುತ್ತಾ ಬಂದರು. ಅಪ್ಪನ ಎದೆ ಮೇಲೆ ತಲೆ ಇಟ್ಟು ಅತ್ತರು. ಇವರು ಅತ್ತದ್ದು ನಾನು ಇವತ್ತೇ ಕಂಡದ್ದು.

ಗುಬ್ಬಿಯನ್ನು ಪಕ್ಕದ ಮನೆಗೆ ಕಳಿಸಿ ಅಡುಗೆಮನೆಗೆ ಬಂದು ಕೂತಿದ್ದೇನೆ. ಇಂಥ ಹೊತ್ತಿನಲ್ಲಿ ಯಾಕೆ ಬರೆಯುತ್ತಿದ್ದೇನೋ. ಕೈಗೆ ಏನಾದರೂ ಕೆಲಸ ಬೇಕು, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ.

ಡಾಕ್ಟರು ಇನ್ನೂ ಇದ್ದಾರೆ. ಇಷ್ಟು ಏರಬೇಕಾದರೆ ದಿನಾ ಸಿಹಿ ಹೋಗಿರಬೇಕು, ಏನು ಕೊಟ್ಟಿರಿ ಅಂತ ಕೇಳುತ್ತಿದ್ದಾರೆ. ಇವರು ಅದನ್ನೇ ಅತ್ತೆಯನ್ನು ಕೇಳುತ್ತಿದ್ದಾರೆ. ಗೋಡೆ ತೆಳು, ಎಲ್ಲ ಕೇಳಿಸುತ್ತದೆ.

"ನನ್ನ ಕೈ ಹೀಗಾದ ಮೇಲೆ ನಾನೆಲ್ಲಪ್ಪ ಕೊಡ್ಲಿ? ಸ್ಪೂನ್ ಹಿಡಿಯೋಕೂ ಆಗಲ್ಲ. ಮಧ್ಯಾಹ್ನ ಎಲ್ಲ ಅವಳೇ ನೋಡ್ಕೋತಿದ್ಲು. ಫ್ರೀಜರೂ ಅವಳದೇ. ಏನು ಕೊಡ್ತಿದ್ಲೋ, ಅವಳನ್ನೇ ಕೇಳು."

ಆಮೇಲೆ ಇವರು ಎದ್ದ ಸದ್ದು. ಕುರ್ಚಿ ಬಿದ್ದಿತು. ನನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ. ನಿನ್ನೆಯ ಬಟ್ಟಲು ಸಿಂಕಿನಲ್ಲಿ ಹಾಗೇ ಇದೆ, ಅಂಚಿನಲ್ಲಿ ಕೋಕೋ ಒಣಗಿ ಅಂಟಿಕೊಂಡಿದೆ, ತೊಳೆಯಲು ಎದ್ದರೆ ನಲ್ಲಿಯ ಸದ್ದು ಕೇಳುತ್ತದೆ, ತೊಳೆಯದಿದ್ದರೆ